ಸತ್ತವರ ಕೂಗುಗಲ್ಲು

ಮೆಡಿಟರೇನಿಯನ್ ಕಡಲಿನಲ್ಲಿ ಲಿಥೋನಿ ಎಂಬ ಪುಟ್ಟ ದ್ವೀಪವಿದೆ. ಬೇಸಿಗೆಯಲ್ಲಿ ವಾರಕ್ಕೆರಡು ಸಲ, ಚಳಿಗಾಲದಲ್ಲಿ ಕಡಲು ಮನಸ್ಸು ಮಾಡಿದರೆ ಒಂದು ಸಲ ಅಲ್ಲಿಗೆ ಹಡಗು ಬರುತ್ತದೆ. ಇಳಿದವರಿಗೆ ಮೊದಲು ಕಾಣುವುದು ಸುಣ್ಣ ಬಳಿದ ಮನೆಗಳು, ಅವುಗಳ ಬೆನ್ನಿಗೆ ಆಲಿವ್ ತೋಪು, ತೋಪಿನ ಹಿಂದೆ ಬೋಳು ಗುಡ್ಡ, ಗುಡ್ಡದ ನೆತ್ತಿಯ ಮೇಲೆ ಸಂತ ಮರೀನಾಳ ಗುಡಿ. ದೂರಕ್ಕೆ ಬೋಳಾಗಿ ಕಂಡರೂ ಗುಡ್ಡ ಹತ್ತಿದವರಿಗೆ ಕಾಲಿಟ್ಟಲ್ಲೆಲ್ಲ ಘಮಘಮಿಸುವ ಕುರುಚಲು ಗಿಡಗಳು, ಬಂಡೆಯ ಬಿರುಕಿನಲ್ಲಿ ಬೇರೂರಿ ಬಿಳಿ ಹೂ ಬಿಟ್ಟ ಬಳ್ಳಿಗಳು, ಅಂಜೂರದ ನೆರಳಿನಲ್ಲಿ ಮಲಗಿದ ಆಡುಗಳು ಎದುರಾಗುತ್ತವೆ. ಜುಲೈ ತಿಂಗಳ ನಡುವೆ ಸಂತಳ ಹಬ್ಬ ಬಂತೆಂದರೆ ದ್ವೀಪದಲ್ಲಿ ಹಾಸಿಗೆ ಸಿಕ್ಕುವುದೇ ಕಷ್ಟ. ಮಣ್ಣಿನ ಮಡಕೆಯಲ್ಲಿ ರಾತ್ರಿಯಿಡೀ ಒಲೆಯೊಳಗೆ ಬೆಂದ ಕಡಲೆಕಾಳಿನ ರುಚಿ ನೋಡಲು ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ಹಡಗುಕಟ್ಟೆಯಿಂದ ಎಡಕ್ಕೆ ನಡೆದರೆ ಕೊಲ್ಲಿಯ ಅಂಚಿನಲ್ಲಿ ಆಳೆತ್ತರದ ಬೂದು ಬಂಡೆಯೊಂದು ಸಿಗುತ್ತದೆ. ಅದರ ನೆತ್ತಿ ಚಪ್ಪಟೆ, ಮಗ್ಗುಲಲ್ಲಿ ಸವೆದ ಮೂರು ಮೆಟ್ಟಿಲು. ದ್ವೀಪದವರ ಭಾಷೆಯಲ್ಲಿ ಅದಕ್ಕಿರುವ ಹೆಸರನ್ನು ನಮ್ಮ ಮಾತಿಗೆ ತಂದರೆ ‘ಸತ್ತವರ ಕೂಗುಗಲ್ಲು’ ಎಂದಾಗುತ್ತದೆ. ಹಬ್ಬದ ದಿನ ಏರಿ ನಿಂತು ಊರವರನ್ನು ಊಟಕ್ಕೆ ಕರೆಯುವ ಕಲ್ಲಿಗೆ ಇಂಥ ಅಪಶಕುನದ ಹೆಸರೇಕೆ ಎಂದು ಬಂದವರೆಲ್ಲ ಕೇಳುತ್ತಾರೆ. ಅಲ್ಲಿ ಕೂಗಿದರೆ ಗುಡ್ಡ ಮರುದನಿ ಕೊಡುತ್ತದೆ, ಅದನ್ನೇ ಹಿಂದಿನವರು ಸತ್ತವರ ದನಿ ಎಂದುಕೊಂಡರು ಎಂದು ಪ್ರವಾಸಿಗಳ ಕೈಪಿಡಿಯೊಂದು ಹೇಳುತ್ತದೆ. ಅದನ್ನು ಬರೆದ ಪುಣ್ಯಾತ್ಮ ಒಂದು ಮಧ್ಯಾಹ್ನ ಅಲ್ಲಿದ್ದು, ಹುರಿದ ಮೀನು ತಿಂದು, ಸಂಜೆಯ ಹಡಗಿಗೆ ಹೊರಟುಹೋದವನಿರಬೇಕು. ಊರಿನ ಹಿರಿಯರು ಹೇಳುವ ಕಥೆಯೇ ಬೇರೆ.

ಹಿಂದೆ ಒಮ್ಮೆ, ಈ ಕಡಲಿನಲ್ಲಿ ಹಾಯಿ ಕಂಡರೆ ಜನ ಮೊದಲು ಮಕ್ಕಳನ್ನು ಎತ್ತಿಕೊಂಡು ಆಮೇಲೆ ಯಾರೆಂದು ವಿಚಾರಿಸುತ್ತಿದ್ದ ಕಾಲದಲ್ಲಿ, ಲಿಥೋನಿಯಲ್ಲಿ ಕಲ್ಲಿಯೋಪಿ ಎಂಬ ಅಡುಗೆಯ ಅಜ್ಜಿ ಇದ್ದಳು. ಹಬ್ಬದ ದಿನ ಊರಿಗೆ ಊರೇ ನಸುಕಿನಲ್ಲಿ ಉಪವಾಸದಿಂದ ಗುಡ್ಡ ಹತ್ತಿ ಸಂತಳ ಗುಡಿ ಸೇರುವುದು ಆಗಲೂ ಇದ್ದ ಪದ್ಧತಿ. ಕೆಳಗೆ ಉಳಿಯುವವಳು ಅಡುಗೆಯವಳೊಬ್ಬಳೇ. ಹಿಂದಿನ ಸಂಜೆಯೇ ಅವಳು ಕಡಲೆಕಾಳು, ಈರುಳ್ಳಿ, ಆಲಿವ್ ಎಣ್ಣೆ ತುಂಬಿದ ಮಡಕೆಗಳ ಬಾಯಿಗೆ ಕಣಕದ ಮುದ್ದೆ ಮೆತ್ತಿ ಒಲೆಯೊಳಗಿಟ್ಟಿರುತ್ತಿದ್ದಳು. ಬೆಂದಾಯಿತು ಅನ್ನಿಸಿದಾಗ ಬಂಡೆಯೇರಿ, ಒಂದೊಂದು ಮನೆಯವರನ್ನಾಗಿ ಹೆಸರು ಹಿಡಿದು ಕೂಗಬೇಕು. ಹೆಸರು ಕೇಳಿದ ಮನೆಯವರು ಮಾತ್ರ ಇಳಿಯಬೇಕು. ಅಷ್ಟು ದೂರಕ್ಕೆ ಆಡಿದ ಮಾತು ಮುಟ್ಟುವುದಿಲ್ಲ, ಗಾಳಿಯಲ್ಲಿ ಚೂರಾಗಿ ಹೋಗುತ್ತದೆ. ಉಸಿರು ಕಟ್ಟಿ ಉದ್ದಕ್ಕೆಳೆದ ಹೆಸರು ಮಾತ್ರ ಮುಟ್ಟುತ್ತದೆ. ಇನ್ನೊಂದು ಕಟ್ಟಳೆಯೂ ಉಂಟು. ಬದುಕಿದವರನ್ನು ಕರೆಯುವ ಮೊದಲು ಆ ವರ್ಷ ಸತ್ತವರ ಹೆಸರನ್ನು ಕೂಗಬೇಕು. ಆ ಹೆಸರುಗಳಿಗೆ ಗುಡ್ಡದ ಮೇಲೆ ಯಾರೂ ಅಲುಗುವುದಿಲ್ಲ, ತಲೆ ತಗ್ಗಿಸಿ ನಿಲ್ಲುತ್ತಾರೆ. ಹೀಗೆ ಒಬ್ಬೊಬ್ಬರಿಗೆ ಒಂದೇ ಒಂದು ಸಲ. ಅಲ್ಲಿಗೆ ಈ ಲೋಕದ ಊಟದ ಋಣ ತೀರಿತೆಂದು ಲೆಕ್ಕ.

ಮೂವತ್ತೊಂದು ವರ್ಷ ಆ ಬಂಡೆಯೇರಿದ ಕಲ್ಲಿಯೋಪಿಗೆ ಆ ವರ್ಷದ ಹಬ್ಬ ಬಾರದೇ ಹೋಗಲಿ ಅನ್ನಿಸಿತ್ತು. ಚೈತ್ರದ ಹೊತ್ತಿಗೆ ಕಡಲಿಗೆ ಹೋದ ಅವಳ ಒಬ್ಬನೇ ಮಗ ಲೆಫ್ಟೆರಿಸ್ ಹಿಂದಿರುಗಿರಲಿಲ್ಲ. ಒಡೆದ ದೋಣಿ ಬಂದಿತ್ತು, ಆಮೇಲೆ ಅವನ ದೇಹವೂ ಬಂದಿತ್ತು. ಸೊಸೆ ಅನೆಜೀನಾ ಆಗ ತುಂಬು ಬಸುರಿ. ಈಗ ಮೂರು ತಿಂಗಳ ಕೂಸನ್ನು ಎದೆಗೆ ಕಟ್ಟಿಕೊಂಡು ಅವಳೂ ಊರವರ ಜೊತೆ ಗುಡ್ಡ ಹತ್ತಿದ್ದಳು. ಬೇರೆ ಯಾರಾದರೂ ಕೂಗಲಿ ಎಂದು ಪಾದ್ರಿ ಹೇಳಿದ್ದುಂಟು. “ಹೆತ್ತವಳು ನಾನು, ಕಳಿಸೋಳೂ ನಾನೇ,” ಎಂದಿದ್ದಳು ಅಜ್ಜಿ. ಹಾಗೆ ಹೇಳಿ ಮನೆಗೆ ಬಂದು ಅತ್ತಿದ್ದಳು. ಹೊತ್ತೇರಿದಾಗ ಮಡಕೆಗಳನ್ನು ಹೊರತೆಗೆದಿಟ್ಟು ಒಲೆಯ ಮುಂದೆ ಕೂತು, ಮಗನ ಹೆಸರನ್ನು ಎಷ್ಟು ಉದ್ದ ಎಳೆಯಬಲ್ಲೆ, ಎಲ್ಲಿ ದನಿ ಒಡೆದೀತು ಎಂದು ಮನಸ್ಸಿನಲ್ಲೇ ಅಳೆಯುತ್ತಿದ್ದಳು ಎನ್ನುತ್ತಾರೆ. ಆಗ ಬೆನ್ನ ಹಿಂದೆ ಮರಳು ಕರಕರ ಎಂದಿತು.

ತಿರುಗಿ ನೋಡಿದರೆ ಹನ್ನೆರಡು ಹದಿಮೂರು ಗಂಡಾಳುಗಳು. ಎಲ್ಲರ ಕೈಯಲ್ಲೂ ಕತ್ತಿ. ಕೊಲ್ಲಿಯ ತುದಿಯಲ್ಲಿ ಕಡಲಿಗೆ ಚಾಚಿದ ಕೋಡುಗಲ್ಲಿನ ಮರೆಯಲ್ಲಿ ಅವರ ಹಡಗು ಲಂಗರು ಹಾಕಿತ್ತು. ಗುಡ್ಡದ ಮೇಲಿನಿಂದ ಆ ಮಗ್ಗುಲು ಕಾಣುವುದಿಲ್ಲ. ಅವರು ಯಾವ ದೇಶದವರೆಂದು ಕಥೆ ಹೇಳುವವರು ಹೇಳುವುದಿಲ್ಲ. ಮನುಷ್ಯರನ್ನು ಹಿಡಿದು ಮಾರುವವರಿಗೆ ದೇಶವೆಂಬುದು ಇರುವುದೂ ಇಲ್ಲ. ಮುಂದೆ ನಿಂತ ನಾಯಕ ಅವಳಿಗೆ ತಿಳಿಯದ ಭಾಷೆಯಲ್ಲಿ ಏನೋ ಅಂದ. ಅದನ್ನು ದ್ವೀಪದ ಮಾತಿಗೆ ತಿರುಗಿಸಿದವನು ಪಕ್ಕದಲ್ಲಿದ್ದ ಮೂವತ್ತರ ಆಸುಪಾಸಿನ ಗಡ್ಡದವನು. ಅವನ ಮಾತು ಕೇಳಿದ್ದೇ ಅಜ್ಜಿ ಅವನ ಮುಖ ನೋಡಿದಳು. ಅದು ಕಲಿತ ಮಾತಲ್ಲ, ಎದೆಹಾಲಿನ ಜೊತೆ ಬಂದ ಮಾತು. ಆಸುಪಾಸಿನ ಯಾವುದೋ ದ್ವೀಪದವನು, ಇವರ ಕೈಗೆ ಸಿಕ್ಕು ಇವರವನೇ ಆದವನು ಎಂದು ತಿಳಿದುಕೊಂಡಳು. ಕುಲಕ್ಕೆ ಮೃತ್ಯು ಕೊಡಲಿಯ ಕಾವು ಎಂದು ಗಾದೆಯೇ ಇದೆ.

“ಇವತ್ತು ಹಬ್ಬ ಅಂತ ನಂಗೊತ್ತು ಅಜ್ಜಿ,” ಎಂದ ಅವನು. “ಜನ ಎಲ್ಲ ಮೇಲಿದಾರೆ. ನಾವು ಹತ್ತಿದ್ರೆ ಗುಡಿ ಹಿಂದಿನ ಗವಿಗಳಲ್ಲಿ ಅಡಗ್ತಾರೆ, ಒಬ್ರೂ ಸಿಗಲ್ಲ. ನೀನು ಕೂಗಿದ್ರೆ ಮನೆಮನೆಯಾಗಿ ತಾವಾಗೇ ಇಳೀತಾರೆ. ಕೂಗು.”

ಊರು ಬಲ್ಲ ಕಳ್ಳನ ಮುಂದೆ ಏನನ್ನು ಬಚ್ಚಿಡುವುದು? ಅಜ್ಜಿ ಮಡಕೆಗಳ ಕಡೆ ನೋಡಿದಳು, ಗುಡ್ಡದ ಕಡೆ ನೋಡಿದಳು. ನೆತ್ತಿಯ ಮೇಲೆ ಹೆಂಗಸರ ಬಿಳಿ ತಲೆವಸ್ತ್ರಗಳು ಸಾಲಾಗಿ ಕಾಣುತ್ತಿದ್ದವು. ಅದರಲ್ಲಿ ಯಾವುದು ಅನೆಜೀನಾಳದೋ. ಕೂಗಲಾರೆ ಎಂದರೆ ಕುತ್ತಿಗೆ ಹೋಗುತ್ತದೆ. ಅದು ಹೋಗಲಿ, ಆದರೆ ಕರೆ ಬರಲಿಲ್ಲವಲ್ಲ ಎಂದು ಕಾದು ಸಾಕಾಗಿ ಹಸಿದ ಮಕ್ಕಳೊಡನೆ ಜನ ತಾವೇ ಇಳಿದು ಬರುತ್ತಾರೆ. ‘ಓಡಿ’ ಎಂದು ಕಿರುಚಿದರೆ ಆ ಮಾತು ಅರ್ಧ ಗುಡ್ಡವನ್ನೂ ಮುಟ್ಟುವುದಿಲ್ಲ. ಮುಟ್ಟಿತೆಂದೇ ಇಟ್ಟುಕೊಂಡರೂ ಮುದುಕರು, ಬಾಣಂತಿಯರು ಗವಿ ಸೇರುವುದರೊಳಗೆ ಈ ಗಂಡಾಳುಗಳು ಅವರ ಹಿಮ್ಮಡಿ ಹಿಡಿದಿರುತ್ತಾರೆ. ಹೆಸರು ಬಿಟ್ಟು ಬೇರೇನೂ ಅಲ್ಲಿಗೆ ಹೋಗದು. ಹಾಗಾದರೆ ಯಾವ ಹೆಸರು? ಅವಳಿಗೆ ಹೊಳೆದದ್ದು ಆಗ.

ತಟ್ಟನೆ ಒಪ್ಪಿದರೆ ಸಂಶಯ ಬರುತ್ತದೆ. ಅದಕ್ಕೆ ಅವಳು ಅತ್ತು, ಮೂಗೊರೆಸಿಕೊಂಡು, “ನನ್ನ ಸೊಸೇನೂ ಕೂಸನ್ನೂ ಬಿಟ್ಟುಬಿಡ್ತೀನಿ ಅನ್ನಿ. ಮಿಕ್ಕವರನ್ನ ಕರೀತೀನಿ,” ಎಂದಳು. ಗಡ್ಡದವನು ಅದನ್ನು ನಾಯಕನಿಗೆ ಹೇಳಿದ. ನಾಯಕ ನಕ್ಕು ತಲೆಯಾಡಿಸಿದ. ಗಡ್ಡದವನು ನಗಲಿಲ್ಲ. ಊರನ್ನೇ ಮಾರುವ ಮುದುಕಿಯನ್ನು ಅಸಹ್ಯದಿಂದ ನೋಡಿ, “ಸತ್ತವರನ್ನ ಮೊದಲು ಕರೀಬೇಕಲ್ವಾ, ಈ ವರ್ಷ ಯಾರು ಯಾರು?” ಎಂದು ಕೇಳಿದ. ಅಜ್ಜಿಗೆ ಗೊತ್ತಾಯಿತು, ಇವನು ಅಷ್ಟನ್ನೂ ಬಲ್ಲ.

“ಈ ವರ್ಷ ದೇವರು ಕಣ್ಣುಬಿಟ್ಟ. ಯಾರೂ ಸತ್ತಿಲ್ಲ,” ಎಂದಳು.

ಮೂರು ಮೆಟ್ಟಿಲು ಹತ್ತಿ ನಿಂತಳು. ಬಂಡೆಯ ಬುಡದಲ್ಲಿ, ಮೇಲಿನವರಿಗೆ ಕಾಣದ ಹಾಗೆ, ಗಡ್ಡದವನು ಅವಳ ಕಾಲಿಗೆ ಕತ್ತಿಯ ಮೊನೆ ತಾಗಿಸಿ ಕೂತ. ಮಿಕ್ಕವರು ಆಲಿವ್ ತೋಪಿನ ಗೋಡೆಯ ಮರೆಗೆ ಸರಿದರು. ಅಜ್ಜಿ ಉಸಿರೆಳೆದುಕೊಂಡು ಮಗನ ಹೆಸರನ್ನು ಕೂಗಿದಳು. ಎಲ್ಲಿ ದನಿ ಒಡೆದೀತೆಂದು ಹೆದರಿದ್ದಳೋ ಅಲ್ಲಿ ಒಡೆಯಲಿಲ್ಲ. ಅಳುವುದಕ್ಕೂ ಬಿಡುವು ಬೇಕು, ಆಗ ಬಿಡುವಿರಲಿಲ್ಲ. ಆ ವರ್ಷ ಸತ್ತ ಇನ್ನಿಬ್ಬರನ್ನು ಕರೆದಳು. ಗುಡ್ಡದ ಮೇಲೆ ತಲೆಗಳು ತಗ್ಗಿದವು, ಮತ್ತೆ ಎದ್ದವು. ಇನ್ನು ಮೊದಲ ಮನೆಯ ಹೆಸರು ಬರಬೇಕು. ಅದರ ಬದಲು ಅವಳು ಹೋದ ವರ್ಷ ಸತ್ತವರನ್ನು ಕರೆದಳು. ಆಮೇಲೆ ಅದರ ಹಿಂದಿನ ವರ್ಷದವರನ್ನು. ಮೇಲೆ ಯಾರೂ ಕದಲಲಿಲ್ಲ. ಯಾಕೆ ಇಳೀತಿಲ್ಲ ಎಂದು ಗಡ್ಡದವನು ಕೆಳಗಿನಿಂದ ಕೇಳಿದಾಗ, “ಪಾದ್ರಿಯ ಆಶೀರ್ವಾದ ತಗೊಂಡು ಇಳೀತಾರೆ,” ಎಂದಳು. ಮಗನ ಹೆಸರು ಕೂಗಿ ಮುದುಕಿಗೆ ಬುದ್ಧಿ ಕದಡಿತು ಎಂದು ಪಾದ್ರಿ ಮೊದಲು ಮರುಗಿದನಂತೆ. ಅತ್ತೆಯ ತಲೆ ಕಲ್ಲಿನಷ್ಟು ಗಟ್ಟಿ ಎಂದು ಬಲ್ಲ ಸೊಸೆ ಮಾತ್ರ ಕೂಸನ್ನು ಬಿಗಿಯಾಗಿ ಹಿಡಿದುಕೊಂಡು ಕೇಳುತ್ತಿದ್ದಳಂತೆ. ಆದರೆ ಇದೆಲ್ಲ ಕಲ್ಲಿಯೋಪಿಗೆ ಆಮೇಲೆ ತಿಳಿದದ್ದು. ಅವಳಿಗೆ ಆಗ ಕಾಣುತ್ತಿದ್ದುದು ಅಲುಗದೆ ನಿಂತ ಬಿಳಿ ಚುಕ್ಕೆಗಳಷ್ಟೇ.

ಅವಳು ಹೆದರಿದ್ದು ಕತ್ತಿಗಿಂತ ಹೆಚ್ಚಾಗಿ ಹೆಸರುಗಳಿಗೆ. ಆ ದ್ವೀಪದಲ್ಲಿ ಮೊಮ್ಮಗನಿಗೆ ಅಜ್ಜನ ಹೆಸರಿಡುವುದು ಇಂದಿಗೂ ತಪ್ಪದ ರೂಢಿ. ಸತ್ತವನ ಹೆಸರು ಕೂಗಿದರೆ ಅದೇ ಹೆಸರಿನ ಬದುಕಿದವನೊಬ್ಬ ಎದ್ದು ಬರಬಹುದು. ಎಚ್ಚರಿಕೆಯಿಂದ ಮನೆತನ, ಅಡ್ಡಹೆಸರು ಸೇರಿಸಿ ಕೂಗುತ್ತಿದ್ದವಳು ಏಳನೆಯ ವರ್ಷಕ್ಕೆ ಬಂದಾಗ ತಪ್ಪಿದಳು. ‘ಯಕೋವೊಸ್, ಗಾಣದ ಮನೆ’ ಎಂದುಬಿಟ್ಟಳು. ಗಾಣದ ಮನೆಯ ಅಜ್ಜ ಯಕೋವೊಸ್ ಸತ್ತಿದ್ದ, ಮೊಮ್ಮಗ ಯಕೋವೊಸ್ ಮೇಲಿದ್ದ. ಹಸಿವು ತಡೆಯದ ಜನ, ಕೊನೆಗೂ ಬದುಕಿದವರ ಸರದಿ ಬಂತೆಂದುಕೊಂಡರು. ಒಂದು ಚುಕ್ಕೆ ಸಾಲಿನಿಂದ ಬೇರೆಯಾಗಿ ದಾರಿಗಿಳಿಯಿತು, ಅದರ ಹಿಂದೆ ಇನ್ನೆರಡು. ತೋಪಿನ ಮರೆಯಲ್ಲಿ ಕತ್ತಿಗಳು ಸಿದ್ಧವಾದ ಸದ್ದು ಅಜ್ಜಿಗೆ ಕೇಳಿಸಿತು. ಅದೇ ಹೆಸರನ್ನು ಮತ್ತೊಮ್ಮೆ, ಈ ಸಲ ‘ಒಂಟಿಗಾಲಿನ ಯಕೋವೊಸ್’ ಎಂದು, ಎದೆ ಬಿರಿಯುವಷ್ಟು ಎಳೆದು ಕೂಗಿದಳು. ಒಂಟಿಗಾಲಿನವನು ಮಣ್ಣಾಗಿ ಏಳು ವರ್ಷ. ಇಳಿಯುತ್ತಿದ್ದ ಚುಕ್ಕೆಗಳು ನಿಂತವು. ನಿಂತೇ ಇದ್ದವು. ಆಮೇಲೆ ಸಾವಕಾಶವಾಗಿ ಮೇಲಕ್ಕೆ ಸರಿದವು. ಅಜ್ಜಿ ತನಗೇ ತಿಳಿಯದೆ ಸಂತಳ ಹೆಸರು ಹೇಳಿಕೊಂಡಳು.

“ಯಾಕೆ ವಾಪಸ್ ಹೋದರು?” ಎಂದ ಗಡ್ಡದವನು.

“ಒಂಟಿಗಾಲು. ಅವನನ್ನ ಹೊತ್ತು ತರೋಕೆ ಜನ ಬೇಡವಾ?” ಎಂದಳು ಅಜ್ಜಿ. ಅವನು ನಂಬಿದ. ಹದಿನೆಂಟು ವರ್ಷದ ಹಿಂದೆ ಈ ಕಡೆಯ ಕಡಲು ಬಿಟ್ಟವನಿಗೆ ಒಂಟಿಗಾಲಿನ ಯಕೋವೊಸ್ ಸತ್ತ ಸುದ್ದಿ ಯಾರು ಹೇಳಬೇಕು? ಹಾಗೆ ನೋಡಿದರೆ ಅವಳು ಕೂಗುತ್ತಿದ್ದ ಹೆಸರುಗಳಲ್ಲಿ ಎಷ್ಟನ್ನೋ ಅವನು ಗುರುತಿಸುತ್ತಿದ್ದ. ಕಮ್ಮಾರ ನಿಕಿತಾಸನ ಹೆಸರು ಬಂದಾಗ ನಾಯಕನ ಕಡೆ ತಿರುಗಿ ತೋಳು ಮಡಿಸಿ ತೋರಿಸಿದ, ಗಟ್ಟಿಯಾಳು ಎಂಬಂತೆ. ನಿಕಿತಾಸ ಜ್ವರದಲ್ಲಿ ಹೋಗಿ ಹತ್ತು ವರ್ಷವಾಗಿತ್ತು. ಇವನಿಗೆ ನಿಕಿತಾಸ ಹೇಗೆ ಗೊತ್ತು ಎಂಬ ಪ್ರಶ್ನೆ ಅಜ್ಜಿಯ ತಲೆಯಲ್ಲಿ ಎದ್ದಿತು. ಅದನ್ನು ಹಿಡಿದು ಕೂರುವ ಹೊತ್ತು ಅದಾಗಿರಲಿಲ್ಲ. ಅವಳಿಗೆ ವರ್ಷಗಳು ನೆನಪಿದ್ದದ್ದು ಕೂಗಿದ ಕ್ರಮದಲ್ಲೇ. ಒಂದು ಕೊಂಡಿ ತಪ್ಪಿದರೆ ಇಡೀ ಸರಪಳಿ ಕೈಬಿಟ್ಟು ಹೋಗುತ್ತಿತ್ತು. ಹನ್ನೆರಡನೆಯ ವರ್ಷ, ಹದಿನೈದನೆಯದು, ಹದಿನೇಳನೆಯದು. ಗಂಟಲಲ್ಲಿ ರಕ್ತದ ರುಚಿ ಬಂತು. ಗುಡ್ಡದ ಮೇಲಿನ ಬಿಳಿ ಚುಕ್ಕೆಗಳು ಮೊದಲಿನಷ್ಟು ಇಲ್ಲವೆಂದು ಅವಳಿಗೆ ಕಂಡಿತು. ಗುಡಿಯ ಗೋಡೆಯ ಬಳಿಯಿಂದ ಒಂದೊಂದಾಗಿ ಕಾಣದಾಗುತ್ತಿದ್ದವು. ಸೊಸೆ ತಿಳಿದುಕೊಂಡಳು ಎಂದು ಅವಳ ಎದೆ ಹೇಳಿತು.

ಹದಿನೆಂಟನೆಯ ವರ್ಷ ಸತ್ತವರು ಇಬ್ಬರೇ. ಮೀನಿಗೆ ಹೋಗಿ ದೋಣಿಯ ಸಮೇತ ಕಾಣೆಯಾದ ಪೆಟ್ರೋಸ್, ಅವನ ಜೊತೆ ಹೋಗಿದ್ದ ಅವನ ಅಕ್ಕನ ಮಗ. ಹುಡುಕಿ ಹುಡುಕಿ ಕೈಚೆಲ್ಲಿ, ಇಬ್ಬರೂ ಮುಳುಗಿದರೆಂದು ಊರು ತೀರ್ಮಾನಿಸಿ, ಆ ಹಬ್ಬದಲ್ಲಿ ಅವಳೇ ಅವರನ್ನು ಕೂಗಿ ಕಳಿಸಿದ್ದಳು. ಅಜ್ಜಿ ‘ಪೆಟ್ರೋಸ್’ ಎಂದಳು. ಕಾಲಿಗೆ ತಾಗಿದ್ದ ಕತ್ತಿಯ ಮೊನೆ ಸರಕ್ಕನೆ ಜರುಗಿತು. ಕೆಳಗೆ ನೋಡಲಿಲ್ಲ. ಉಸಿರು ತುಂಬಿಕೊಂಡು ಮುಂದಿನ ಹೆಸರು ಎಳೆದಳು. “ಝಾನಿಸ್! ಮರೂಸಾಳ ಮಗ ಝಾನಿಸ್!”

ಗುಡ್ಡ ಆ ಹೆಸರನ್ನು ಹಿಂದಿರುಗಿಸಿತು. ಅಜ್ಜಿ ಕಣ್ಣು ಕೆಳಗೆ ಹೊರಳಿಸಿದಳು. ಗಡ್ಡದವನ ಮುಖದಲ್ಲಿ ರಕ್ತವಿರಲಿಲ್ಲ. ಹದಿನೆಂಟು ವರ್ಷ ಯಾರೂ ಕರೆಯದ ಹೆಸರು ಅದು. ತನ್ನ ಜೊತೆ ಕಳ್ಳರ ಹಡಗಿನಲ್ಲಿ ಒಂದೇ ಹುಟ್ಟಿಗೆ ಕಟ್ಟಿಸಿಕೊಂಡು, ತನ್ನ ಪಕ್ಕದಲ್ಲೇ ಸತ್ತ ಸೋದರಮಾವ ಪೆಟ್ರೋಸನನ್ನು ಈ ಮುದುಕಿ ಊಟಕ್ಕೆ ಕರೆಯುತ್ತಿದ್ದಾಳೆ. ತನ್ನನ್ನೂ ಕರೆಯುತ್ತಿದ್ದಾಳೆ. ಬೆಳಗಿನಿಂದ ಇವಳು ಕೂಗಿದವರೆಲ್ಲ ಯಾರೆಂದು ಅವನಿಗೆ ಅರ್ಥವಾಗಲು ಹೊತ್ತು ಹಿಡಿಯಲಿಲ್ಲ. ಅವನಿಗೆ ಅರ್ಥವಾಯಿತೆಂದು ಅಜ್ಜಿಗೂ ಅರ್ಥವಾಯಿತು. ಇವನು ಒಂದು ಮಾತು ತಿರುಗಿಸಿ ಹೇಳಿದರೆ ಸಾಕು. ಅರ್ಧ ಜನ ಇನ್ನೂ ನೆತ್ತಿಯ ಮೇಲೇ ಇದ್ದರು.

ಅವನು ತುಟಿ ಅಲುಗಿಸದೆ ಎಂಬಂತೆ ಕೇಳಿದ. “ಆ ಝಾನಿಸನ ತಾಯಿ?”

“ಮೇಲಿದಾಳೆ,” ಎಂದಳು ಅಜ್ಜಿ. “ನಡೆಯೋಕೆ ಆಗಲ್ಲ ಅವಳಿಗೆ. ಬುಟ್ಟೀಲಿ ಕೂರಿಸಿ ಹೊತ್ಕೊಂಡು ಹೋದ್ರು.”

ಅಷ್ಟರಲ್ಲಿ ನಾಯಕ ತೋಪಿನಿಂದ ಹೊರಬಂದ. ಬೆರಳು ಗುಡ್ಡದ ಕಡೆ ತೋರಿಸಿ ಗುಡುಗಿದ. ಜನ ಕಡಿಮೆಯಾಗುತ್ತಿದ್ದಾರೆ, ಇಳಿಯುವುದು ಮಾತ್ರ ಕಾಣುತ್ತಿಲ್ಲವೇಕೆ ಎಂಬುದು ಅವನ ಪ್ರಶ್ನೆಯೆಂದು ತಿಳಿಯಲು ಭಾಷೆ ಬೇಕಿರಲಿಲ್ಲ. ಅಜ್ಜಿ ಕಣ್ಣು ಮುಚ್ಚಿದಳು. ಝಾನಿಸ್ ಎದ್ದು ನಿಂತು ಕೈಯಾಡಿಸುತ್ತ ಸಮಾಧಾನವಾಗಿ ಏನೋ ಹೇಳಿದ. ಗುಡ್ಡದ ಬೆನ್ನಿಗೆ ಇನ್ನೊಂದು ದಾರಿಯಿದೆ, ಅಲ್ಲಿಂದಲೇ ಇಳಿಯುತ್ತಿದ್ದಾರೆ, ಎಲ್ಲರೂ ಕಲೆತು ಒಟ್ಟಿಗೆ ಬರುತ್ತಾರೆ ಎಂದನಂತೆ. ಒಂದೊಂದು ಮನೆಯಾಗಿ ಬರುತ್ತಾರೆ ಎಂದು ನೀನೇ ಹೇಳಿದ್ದೆಯಲ್ಲ ಎಂದು ನಾಯಕ ಅವನ ಕುತ್ತಿಗೆಪಟ್ಟಿ ಹಿಡಿದ. ನಾನು ಹೋಗಿ ಹದಿನೆಂಟು ವರ್ಷ, ಪದ್ಧತಿ ಬದಲಾಗಿರಬೇಕು ಎಂದ ಝಾನಿಸ್. ಆಮೇಲೆ ಅಜ್ಜಿಯ ಕಡೆ ತಿರುಗಿ, ಎಲ್ಲರೂ ಕೇಳುವಂತೆ ಗದರಿಸಿದ. “ಯಾಕೆ ನಿಲ್ಲಿಸ್ದೆ? ಕೂಗು.”

ಅವಳು ಕೂಗಿದಳು. ಹತ್ತೊಂಬತ್ತು, ಇಪ್ಪತ್ತು, ಇಪ್ಪತ್ತೈದು. ದನಿ ಹೋಗಿ ಬರೀ ಉಸಿರು ಉಳಿದಿತ್ತು. ತಾನು ಕೂಗಿದ ಮೊದಲ ವರ್ಷದ ಮೊದಲ ಹೆಸರು, ಅವಳ ಗಂಡನದು, ಮುಗಿದಾಗ ಸತ್ತವರು ಯಾರೂ ಉಳಿದಿರಲಿಲ್ಲ. ಆಗ ‘ಕಲ್ಲಿಯೋಪಿ’ ಎಂದು ತನ್ನ ಹೆಸರನ್ನೇ ಕೂಗಿದಳು. ಗುಡ್ಡದ ನೆತ್ತಿಯಲ್ಲಿ ಕೊನೆಯದಾಗಿ ನಿಂತಿದ್ದ ಒಂದು ಬಿಳಿ ಚುಕ್ಕೆ ಆ ಹೆಸರು ಕೇಳಿ ತಲೆ ತಗ್ಗಿಸಿತು, ಮತ್ತೆ ಕಾಣಲಿಲ್ಲ. ಅದೇ ಹೊತ್ತಿಗೆ ಕಡಲ ಮೇಲೆ ಬಡಗಣ ಗಾಳಿ ಎದ್ದಿತು. ಜುಲೈಯಲ್ಲಿ ಹೊತ್ತು ತಿರುಗಿದ ಮೇಲೆ ಆ ಗಾಳಿ ಬರುವುದನ್ನೂ, ಅದು ಬಂದರೆ ಕೋಡುಗಲ್ಲಿನ ಮಗ್ಗುಲಲ್ಲಿ ಯಾವ ಹಡಗೂ ನಿಲ್ಲಲಾರದೆಂಬುದನ್ನೂ ಲಿಥೋನಿಯಲ್ಲಿ ಹುಟ್ಟಿದವರೆಲ್ಲ ಬಲ್ಲರು. ಝಾನಿಸ್ ಬಲ್ಲವನೇ. ನಾಯಕನಿಗೆ ಅದನ್ನು ಹೇಳುವ ಗೋಜಿಗೆ ಅವನು ಹೋಗಿರಲಿಲ್ಲ. ಹಡಗಿನಲ್ಲಿ ಉಳಿದವರ ಕೂಗಾಟ ಕೇಳಿ ಕಳ್ಳರು ಎದ್ದುಬಿದ್ದು ಓಡಿದರು. ಓಡುವಾಗ ನಾಯಕ ಸಿಟ್ಟಿಗೆ ಮಡಕೆಗಳನ್ನು ಒದ್ದ. ಮುದುಕಿಯನ್ನು ಕತ್ತರಿಸಲು ತಿರುಗಿದವನನ್ನು ಝಾನಿಸ್ ತೋಳು ಹಿಡಿದು ದೋಣಿಯತ್ತ ತಳ್ಳಿ ಕಳಿಸಿದ.

“ಉಳ್ಕೋ ಮಗಾ,” ಎಂದಳು ಅಜ್ಜಿ, ಅವನಿಗಷ್ಟೇ ಕೇಳುವ ದನಿಯಲ್ಲಿ. ಇದ್ದದ್ದೂ ಅಷ್ಟೇ ದನಿ.

“ನಾನು ಉಳಿದರೆ ಮೋಸ ಗೊತ್ತಾಗಿ ಇವರು ನಾಳೆ ಬರ್ತಾರೆ,” ಎಂದು ಅವನು ಹೊರಟುಹೋದ. ಅವನು ತಿರುಗಿ ನೋಡಲಿಲ್ಲ.

ಕಲ್ಲಿಯೋಪಿ ಅದಾದ ಮೇಲೆ ಒಂಬತ್ತು ವರ್ಷ ಬದುಕಿದ್ದಳು. ಕಳೆದ ದನಿ ಮಾತ್ರ ಪೂರ್ತಿಯಾಗಿ ಮರಳಲಿಲ್ಲ. ಮರುವರ್ಷದ ಹಬ್ಬಕ್ಕೆ ಬಂಡೆಯೇರಿದವಳು ಅನೆಜೀನಾ. ಸತ್ತವರನ್ನಷ್ಟೇ ಕರೆದ ಆ ದಿನದ ನೆನಪಿಗೆ ಕಲ್ಲಿಗೆ ಆ ಹೆಸರು ನಿಂತಿತ್ತು. ಆದರೆ ಅಜ್ಜಿಗೆ ಒಂದು ಮುಳ್ಳು ಚುಚ್ಚುತ್ತಲೇ ಇತ್ತು. ಬದುಕಿರುವ ಒಬ್ಬನನ್ನು ಸತ್ತವರ ಸಾಲಿನಲ್ಲಿ ಅವಳು ಎರಡು ಸಲ ಕೂಗಿದ್ದಳು, ಅವನ ಊಟದ ಋಣವನ್ನು ಅವಳೇ ಹರಿದಿದ್ದಳು. ಸತ್ತವರ ಸಾಲಿಗೆ ಹೋದ ಹೆಸರನ್ನು ಹಿಂದಕ್ಕೆ ತರುವ ಶಾಸ್ತ್ರ ಇಲ್ಲ ಎಂದ ಪಾದ್ರಿ. ಊರಿನಲ್ಲೂ ಕೆಲವರು, ಕಳ್ಳರನ್ನು ಕರೆತಂದವನೇ ಅವನಲ್ಲವೇ ಎಂದರು. ಅದೂ ಸುಳ್ಳಲ್ಲ. “ಕರ್ಕೊಂಡು ಬಂದದ್ದೂ ಅವನೇ, ಕರ್ಕೊಂಡು ಹೋದದ್ದೂ ಅವನೇ. ನನ್ನ ಕಾಲ ಬುಡದಲ್ಲಿ ಕೂತಿದ್ದ, ಅವನ ಉಸಿರು ನಾನು ಕೇಳಿದೀನಿ. ಅವನು ಬದುಕಿದಾನೆ, ಹಾಗೇ ಕರೀರಿ,” ಎಂದು ಅಜ್ಜಿ ಪಟ್ಟು ಹಿಡಿದಳು. ಮರೂಸಾ ಹಬ್ಬದ ದಿನ ಬುಟ್ಟಿಯಿಂದ ಇಳಿದು ಮೇಜಿನ ಬಳಿ ಕೂತು, ತನ್ನ ಪಕ್ಕದ ಜಾಗಕ್ಕೆ ಇನ್ನೊಂದು ತಟ್ಟೆ ಇರಿಸಿದಳು.

ಈಗಲೂ ಹಬ್ಬಕ್ಕೆ ಹೋದವರು ಇದನ್ನು ನೋಡಬಹುದು. ಮೊದಲು ಆ ವರ್ಷ ಹೋದವರ ಹೆಸರು, ಆಮೇಲೆ ಮನೆಗಳ ಹೆಸರು, ಕೊನೆಗೆ ಬಂದ ಪ್ರವಾಸಿಗಳ ಹೆಸರು, ಅದರ ಉಚ್ಚಾರ ಎಷ್ಟೇ ಕೆಟ್ಟರೂ. ಎಲ್ಲರೂ ಕೂತು, ಮಡಕೆಯ ಬಾಯಿಯ ಕಣಕ ಒಡೆದು, ಬಿಸಿ ಕಡಲೆಯ ಮೇಲೆ ನಿಂಬೆ ಹಿಂಡಿ ಬಡಿಸಿ ಆದ ಮೇಲೆ, ಕೂಗುವ ಹೆಂಗಸು ಗುಡ್ಡಕ್ಕೆ ಬೆನ್ನು ತಿರುಗಿಸಿ, ಕಡಲ ಕಡೆ ಮುಖ ಮಾಡಿ ನಿಂತು, ಬದುಕಿದವರ ಸಾಲಿನ ಕೊನೆಯ ಹೆಸರನ್ನು ಕೂಗುತ್ತಾಳೆ. ಮರೂಸಾಳ ಮಗ ಝಾನಿಸ್. ಅವನ ತಟ್ಟೆ ಬಡಿಸಿ ಇಟ್ಟಿರುತ್ತದೆ. ಬಿಸಿಬಿಸಿ ತಿನ್ನಲು ಅಷ್ಟು ದೂರದಿಂದ ಬಂದವರು ಗೊಣಗುತ್ತಾರೆ, ಗಡಿಯಾರ ನೋಡಿಕೊಳ್ಳುತ್ತಾರೆ. ಊರವರು ಕೈ ಮಡಿಲಲ್ಲಿಟ್ಟುಕೊಂಡು ಸುಮ್ಮನೆ ಕೂತಿರುತ್ತಾರೆ. ಆ ತಟ್ಟೆಯ ಬಿಸಿ ಆರುವವರೆಗೆ ಲಿಥೋನಿಯಲ್ಲಿ ಯಾರೂ ಮೊದಲ ತುತ್ತು ಎತ್ತುವುದಿಲ್ಲ.